ಒರಗಿ ತುಳಿಯುವ ಸೈಕಲ್

ಹಳದೀಪುರ
14 ಡಿಸೆಂಬರ್ 2024, ಶನಿವಾರ

ಸೌಜನ್ಯಾಳ ಅಪ್ಪನಿಗೆ,

ಸುಚಿತಾ ಮಾಡುವ ನಮಸ್ಕಾರ. ಹನ್ನೆರಡು ವರ್ಷ ಊರವರ ಪತ್ರ ಮನೆಮನೆಗೆ ಹಂಚಿದವಳು ನಾನು. ಸ್ವಂತಕ್ಕೆ ಒಂದು ಬರೆಯಲು ಕೂತರೆ ಮೊದಲ ಸಾಲಿಗೇ ಅರ್ಧ ಗಂಟೆ ಹಿಡಿಯಿತು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಇಳಿಯುತ್ತೇವೆ, ಅದು ನಿಮಗೂ ಗೊತ್ತು.

ನೀವು ಮಾಡಿದ ಸೈಕಲ್ ಮಾಬ್ಲನ ಮೀನಿನ ಟೆಂಪೋದಿಂದ ಇಳಿದಾಗ ನನ್ನ ಮೈ ಉರಿದುಹೋಗಿತ್ತು. ಎರಡು ಗಾಲಿಯ ಮಧ್ಯೆ ಒಂದು ಆರಾಮ ಕುರ್ಚಿ! ಪೆಡಲು, ಚೈನು ಎಲ್ಲ ಮುಂದಿನ ಗಾಲಿಗೆ. ಬೆನ್ನು ಹೋದವಳಲ್ಲವಾ, ಮಲಗುವ ಸೈಕಲ್ಲೇ ಮಾಡಿ ಅಣಕಿಸಿದ್ದಾರೆ ಅಂದುಕೊಂಡೆ. ಇನ್ನು ಸೈಕಲ್ ಸೀಟಿನ ಮೇಲೆ ಕೂರಬೇಡಿ ಅಂತ ಡಾಕ್ಟರು ಅಂದ ದಿನ ಕೆಲಸ ಬಿಡು ಅಂತ ನೀವು ಹೇಳಿದ್ದು, ಹಾಗಾದರೆ ನೀವೇ ಮನೆ ಬಿಡಿ ಅಂತ ನಾನು ಕೂಗಿದ್ದು, ನೀವು ನಿಜಕ್ಕೂ ಹೊರಟು ಭಟ್ಕಳ ಬಂದರಿನ ವೆಲ್ಡಿಂಗ್ ಶೆಡ್ಡು ಸೇರಿದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಒಂದು ವಾರ ಅದನ್ನು ಕೊಟ್ಟಿಗೆಯಲ್ಲೇ ನಿಲ್ಲಿಸಿದೆ.

ಆದರೆ ನನ್ನ ರಜೆ ಮುಗಿಯುತ್ತ ಬಂದಿತ್ತು. ಡಿಸೆಂಬರ್ ಎರಡಕ್ಕೆ ಅಂಚೆ ಚೀಲ ಎತ್ತಿಕೊಂಡು ಹೊರಡಲು ಆಗದಿದ್ದರೆ, ಆತು, ಕೆಲಸ ಹೋದಂತೆಯೇ.

ಸೈಕಲ್ ಜೊತೆ ಬಂದ ನಿಮ್ಮ ಚೀಟಿಯಲ್ಲಿ ನಾಲ್ಕೇ ಸಾಲು. ಹೇಗಿದ್ದೀಯ ಅಂತ ಒಂದು ಮಾತಿಲ್ಲ. ಹಿಮ್ಮಡಿ ಪೆಡಲಿನ ಮೇಲಿಟ್ಟಾಗ ಮೊಣಕಾಲು ನೇರ ಬರುವಷ್ಟು ಮುಂದಿನ ಪೈಪು ಸರಿಸಿ ಬೋಲ್ಟು ಬಿಗಿ ಮಾಡು ಅಂತ ಬರೆದಿದ್ದಿರಿ. ಸೌಜನ್ಯಾ ಕುಮಟಾ ಕಾಲೇಜಿನಿಂದ ಬಂದವಳೇ ಸೈಕಲ್ ಹಿಡಿದು ನಿಂತಳು, ನಾನು ಸ್ಪ್ಯಾನರ್ ಹಿಡಿದೆ. ಮೊದಲು ಪೈಪು ಉದ್ದವಾಗಿ ಪ್ರತಿ ತುಳಿತಕ್ಕೂ ಸೊಂಟ ಹೊರಳುತ್ತಿತ್ತು. ಎರಡು ಬೆರಳಿನಷ್ಟು ಒಳಗೆ ತಂದಮೇಲೆ ಬೆನ್ನು ಸೀಟಿಗೆ ಒರಗಿ ಸುಮ್ಮನಾಯಿತು. ಐದು ತಿಂಗಳಲ್ಲಿ ಮೊದಲ ಸಲ ನೋವಿಲ್ಲದೆ ಕೂತೆ. ಕೂತಲ್ಲೇ ಅತ್ತುಬಿಟ್ಟೆ. ಮಗಳಿಗೆ ಬೆವರು ಅಂದೆ.

ಕೂರುವುದೇನೋ ಸುಲಭ, ಓಡಿಸುವುದು ದೇವರಿಗೇ ಪ್ರೀತಿ. ಬಲಗಾಲು ತುಳಿದರೆ ಹ್ಯಾಂಡಲ್ ಎಡಕ್ಕೆ ಓಡುತ್ತದೆ, ಬಲಗೈ ಅದನ್ನು ಹಿಡಿದೆಳೆಯಬೇಕು. ಎಡಗಾಲಿಗೆ ಎಡಗೈ. ಮೂರು ದಿನ ಶಾಲೆ ಮೈದಾನದ ಇಳಿಜಾರಿನಲ್ಲಿ ಪೆಡಲು ಮುಟ್ಟದೆ ಜಾರಿದೆ, ಆಮೇಲೆ ಒಂದು ಕಾಲು, ಆಮೇಲೆ ಎರಡೂ. ಎಷ್ಟು ಸಲ ಬಿದ್ದೆ ಅಂತ ಹೇಳುವುದಿಲ್ಲ. ಪಕ್ಕದ ಮನೆಯ ತಿಮ್ಮಿ ಅತ್ತೆ ಬೇಲಿ ಹತ್ತಿರ ನಿಂತು, ಎಂತದೇ ಸುಚಿತಾ, ಹಾಸಿಗೆ ಸಮೇತ ಹೊರಟೆಯಾ ಅಂದಳು. ಹೌದು, ನಿನಗೂ ಜಾಗ ಉಂಟು ಬಾ ಅಂದೆ.

ಎರಡನೇ ತಾರೀಕು ಚೀಲ ತುಂಬಿಸಿ ಎಂದಿನ ಹಾಗೆ ಹ್ಯಾಂಡಲಿಗೆ ನೇತುಹಾಕಿದೆ. ಅಂಚೆಯವರ ಅಭ್ಯಾಸ ಅದು, ಚೀಲ ಕಣ್ಣೆದುರೇ ಇರಬೇಕು. ಆದರೆ ಈ ಸೈಕಲ್ಲಿನ ಹ್ಯಾಂಡಲ್ ಕಾಲಿನ ಜೊತೆ ಆಡುತ್ತದಲ್ಲ, ಭಾರಕ್ಕೆ ಒಂದೇ ಕಡೆ ವಾಲಿತು. ನಾನು ಸೀದಾ ತೆಂಗಿನ ತೋಟದ ಕಾಲುವೆಗೆ. ವಾಲುವಾಗಲೇ ಚೀಲ ಕಿತ್ತು ಎದೆಗೆ ಅವುಚಿಕೊಂಡು ಬಿದ್ದೆ, ಒಂದು ಪತ್ರವೂ ಒದ್ದೆಯಾಗಲಿಲ್ಲ.

ನೀರಲ್ಲಿ ಕೂತು ಸೈಕಲ್ಲಿಗೂ ನಿಮಗೂ ಬಾಯಿಗೆ ಬಂದಂತೆ ಬಯ್ಯುವಾಗ ಸೀಟಿನ ಬೆನ್ನಿಗಿದ್ದ ಎರಡು ಕೊಕ್ಕೆ ಕಣ್ಣಿಗೆ ಬಿತ್ತು. ಕೊಡೆಗೆ ಇರಬೇಕು ಅಂದುಕೊಂಡಿದ್ದೆ. ಚೀಲ ಸಿಕ್ಕಿಸಿ ನೋಡಿದೆ. ಅಳತೆ ತೆಗೆದು ಮಾಡಿದಂತೆ ಕೂತಿತು. ಕೆಲಸ ಬಿಡು ಅಂದ ಮನುಷ್ಯನೇ ನನ್ನ ಅಂಚೆ ಚೀಲಕ್ಕೆ ಕೊಕ್ಕೆ ಬೆಸೆದು ಕಳಿಸಿದ್ದರು! ಒಂದು ಮಾತು ಚೀಟಿಯಲ್ಲಿ ಬರೆದಿದ್ದರೆ ನಿಮ್ಮ ಗಂಟು ಹೋಗುತ್ತಿತ್ತಾ?

ಅಂದಿನಿಂದ ಎರಡು ವಾರವಾಗುತ್ತ ಬಂತು. ದಿನಾ ಹೋಗುತ್ತೇನೆ, ನೆಟ್ಟಗೆ ಬರುತ್ತೇನೆ. ಕೆಲಸ ಉಳಿಯಿತು. ಮರಳು ಸಿಕ್ಕಲ್ಲಿ ಮುಂದಿನ ಗಾಲಿ ಜಾರುತ್ತದೆ, ಅಲ್ಲಿ ಇಳಿದು ತಳ್ಳುತ್ತೇನೆ. ನಿಮ್ಮ ಉಪಕಾರ ದೊಡ್ಡದು. ಗಂಡ ಹೆಂಡಿರ ನಡುವೆ ಎಂತ ಉಪಕಾರ ಅಂತ ನಗಬೇಡಿ, ನನಗೆ ಹೇಳಬೇಕು ಅನಿಸಿದೆ. ಮನೆ ಬಿಡಿ ಅಂದದ್ದು ನನ್ನ ತಪ್ಪು. ಕೆಲಸ ಬಿಡು ಅಂದದ್ದು ನಿಮ್ಮ ತಪ್ಪು. ನೀವು ನಿಮ್ಮದನ್ನು ಕಬ್ಬಿಣದಲ್ಲಿ ಒಪ್ಪಿಕೊಂಡಿರಿ, ನಾನು ಕಾಗದದಲ್ಲಿ.

ಇನ್ನೂ ನಿಮ್ಮವಳೇ,
ಸುಚಿತಾ

ವಿ.ಸೂ.: ರವಿವಾರ ಮಧ್ಯಾಹ್ನ. ಇದನ್ನು ಡಬ್ಬಿಗೆ ಹಾಕಲಿಲ್ಲ. ಹೊನ್ನಾವರದವರೆಗೆ ಹೋಗಿ ಬರುತ್ತೇನೆ ಅಂತ ಮಗಳಿಗೆ ಸುಳ್ಳು ಹೇಳಿ, ಬೆಳಕು ಹರಿಯುವಾಗ ಹೊರಟು, ಭಟ್ಕಳದವರೆಗೂ ಸೈಕಲ್ ತುಳಿದು ನಾನೇ ತಂದಿದ್ದೇನೆ. ಚಹಾ ಅಂಗಡಿಯ ದೇವು ಅಣ್ಣನ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ನಿಮ್ಮ ಶೆಡ್ಡಿನ ಎದುರೇ ಇದ್ದೇನೆ. ಬೆನ್ನು ಚೆನ್ನಾಗಿದೆ, ಕಾಲು ಮಾತ್ರ ಸೋತಿದೆ. ಈ ತಗ್ಗು ಸೀಟಿನಿಂದ ಒಬ್ಬಳೇ ಏಳಲು ಆಗುತ್ತಿಲ್ಲ. ಬಂದು ಕೈ ಕೊಡಿ.