ಮೂರು ಭೇಟಿಯ ದಿನಾಂಕಗಳು

ತಮ್ಮಾ,

ಈ ಕಾಗದ ನಿನಗೆ ಮುಟ್ಟಿಸುವ ಧೈರ್ಯ ನನಗಿಲ್ಲ, ಆದರೂ ಬರೀತಿದ್ದೀನಿ. ಮೂರು ವರ್ಷ ಆರಾಧನೆಗೆ ಬಾರದವರ ಹೆಸರನ್ನು ಇವತ್ತು ಕಮಿಟಿ ಸಭೆಯಲ್ಲಿ ಚರ್ಚಿನ ಪಟ್ಟಿಯಿಂದ ತೆಗೆದರು. ಅದಕ್ಕೆ ಮೊದಲು ಮೂರು ಸಲ ಅವರ ಮನೆಗೆ ಹೋಗಿ ಕರೆದಿರಬೇಕು. ಹಾಜರಿ ಪುಸ್ತಕ ಬರೆಯೋದೂ ಮನೆಗೆ ಹೋಗಿ ಕರೆಯೋದೂ ನನ್ನ ಕೆಲಸವೇ ತಾನೆ? ನಿನ್ನ ಹೆಸರಿನ ಮುಂದೆ ಮೂರೂ ದಿನಾಂಕ ನನ್ನ ಅಕ್ಷರದಲ್ಲೇ ಇದ್ದವು.

"ಒಡಹುಟ್ಟಿದವಳು ಕರೆದರೂ ಬರದ ಮಹಾರಾಯ! ಹೊಡೆದುಹಾಕಿ," ಅಂದರು ಕಾರ್ಯದರ್ಶಿ. ಪಾದ್ರಿಗಳು ಪೆನ್ನು ತೆಗೆದರು. ಹೆಸರು ಹೋದರೆ ಅಮ್ಮನ ಸಮಾಧಿಯ ಪಕ್ಕದ ಜಾಗವೂ ನಿನಗಿಲ್ಲ. ನಾನು ಎದ್ದು ನಿಂತೆ.

"ನಿಲ್ಲಿ ಅಯ್ಯಾ, ನಾನು ಕರೆದೇ ಇಲ್ಲ. ಮೂರು ಸಲವೂ ಗೇಟಿನ ತನಕ ಹೋಗಿ, ಅವನ ಕೆಮ್ಮು ಕೇಳಿ ವಾಪಸ್ ಬಂದೆ."

"ನಿಮ್ಮ ಪುಸ್ತಕ ಅಂದ್ರೆ ಕಣ್ಮುಚ್ಚಿ ನಂಬ್ತಿದ್ವಲ್ಲಮ್ಮಾ!" ಅಂದರು ಕಾರ್ಯದರ್ಶಿ.

ಯಾಕೆ ಕರೆಯಲಿಲ್ಲ ಅಂತ ಪಾದ್ರಿಗಳು ಕೇಳಿದರು. ಅಮ್ಮನನ್ನು ಮಣ್ಣು ಮಾಡಿದ ದಿನ ನಾನು ನಿನಗಂದ 'ಇನ್ನು ನನ್ನ ಕಣ್ಣಿಗೆ ಬೀಳಬೇಡ' ಅನ್ನೋ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ಹಾಜರಿ ಪುಸ್ತಕವನ್ನು ನನ್ನಿಂದ ತೆಗೆದುಕೊಂಡರು. ನಿನ್ನ ಹೆಸರು ಸದ್ಯಕ್ಕೆ ಉಳಿದಿದೆ. ಭಾನುವಾರ ಸಂಜೆ ಪಾದ್ರಿಗಳೇ ಬಂದು ನಿನ್ನ ಬಾಗಿಲು ತಟ್ಟುತ್ತಾರೆ. ಅಕ್ಕ ಬಂದಳೇನೋ ಅಂತ ಚಿಲಕ ತೆಗೆಯದೆ ಕೂತುಬಿಡಬೇಡ ಕಣೋ. ಅದು ನಾನಲ್ಲ.