ಎಡಗಾಲಿನ ಪೆಡಲು

೧೧ ಮಾರ್ಚ್ ೧೯೨೬

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಬೇಸರಿಸಬೇಡ. ‘ಇಲ್ಲಿ ಎಲ್ಲ ಕ್ಷೇಮ’ ಎಂದು ಶುರುಮಾಡಲು ಕೂತಾಗಲೆಲ್ಲ ಕೈ ಓಡಲಿಲ್ಲ. ಅಮ್ಮನ ಕಾಲು ಮುರಿದಿದೆ. ಗಾಬರಿಯಾಗಬೇಡ, ಮೂಳೆ ಕೂಡುತ್ತಿದೆ. ಆದರೆ ಈ ಮನೆಯಲ್ಲಿ ಕೂತು ಉಣ್ಣಲು ನನಗೆ ಹೇಸಿಗೆಯಾಗಿದೆ.

ಹೆರಿಗೆ ಮಾಡಿಸಲು ಓಡಾಡುವುದಕ್ಕೆಂದು ನಾನು ಹಳೇ ಮೋಟಾರು ಕೊಂಡದ್ದು ನಿನಗೆ ಗೊತ್ತು. ಅವತ್ತಿನಿಂದ ಅಪ್ಪನಿಗೆ ಅದನ್ನು ಕಂಡರಾಗದು. ಲಾರಿ ಓಡಿಸಿ ಹೆಸರು ಮಾಡಿದವರಲ್ಲವೆ! ಅವರ ಲಾರಿಯಲ್ಲಿ ಗೇರು ಹಾಕುವುದೆಂದರೆ ಒಂದು ಚಕ್ರದ ಹಲ್ಲನ್ನು ಇನ್ನೊಂದರ ಹಲ್ಲಿಗೆ ಕೈಯಿಂದ ತಳ್ಳಿ ಕೂಡಿಸಬೇಕು. ಅಂದಾಜು ತಪ್ಪಿದರೆ ಕರಕರ ಸದ್ದು ಇಡೀ ಬೀದಿಗೆ ಕೇಳುತ್ತದೆ. ನನ್ನದರಲ್ಲಿ ಹಲ್ಲುಗಳು ಯಾವಾಗಲೂ ಕೂಡಿಕೊಂಡೇ ಇರುತ್ತವೆ. ಗೇರೆಲ್ಲ ಕಾಲಿನ ಕೆಲಸ.

“ಇದೇನು ಗಾಡಿಯೋ, ಹೊಲಿಗೆ ಮಿಷನ್ನೋ? ಗೇರು ಅಂದ್ರೆ ಕೈಗೆ ಗೊತ್ತಾಗ್ಬೇಕು ಕಣೇ,” ಎಂದು ಬಂದವರೆದುರಿಗೆಲ್ಲ ನಗುತ್ತಿದ್ದರು.

“ನಿಮ್ಮ ಲಾರಿ ಹಲ್ಲು ಕಡಿಯೋದು ಕೇಳಿದ್ರೆ ಬಸುರಿಯರಿಗೆ ದಿನ ತುಂಬೋ ಮೊದ್ಲೇ ನೋವು ಬರುತ್ತಪ್ಪ,” ಎಂದು ನಾನೂ ಬಿಡುತ್ತಿರಲಿಲ್ಲ.

ಹೋದ ತಿಂಗಳು ಲಾರಿ ಕಂಪನಿಯ ಮೇಸ್ತ್ರಿ ಬಂದಿದ್ದ. ಅವನೆದುರು ಜಂಬ ತೋರಿಸಲು ಅಪ್ಪ ನನ್ನನ್ನು ಕೇಳದೆ ಗಾಡಿ ಹತ್ತಿದರು. ಅಂಗಳದಲ್ಲಿ ಅಮ್ಮ ಬಟ್ಟೆ ಒಣಹಾಕುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ; ಗಾಡಿಗೆ ಬಾಗಿಲಿಲ್ಲ, ಓಡಿಸುವವರ ಕಾಲು ಹೊರಗಿನಿಂದಲೇ ಕಾಣುತ್ತದೆ. ನಿಲ್ಲಿಸಬೇಕೆಂದು ಅಪ್ಪ ಎಡಗಾಲಿನ ಪೆಡಲನ್ನು ಪೂರ್ತಿ ಒತ್ತಿದರು. ಲಾರಿಯಲ್ಲಿ ಹಾಗೆ ಒತ್ತಿದರೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ನನ್ನ ಗಾಡಿಯಲ್ಲಿ ಅದೇ ಮೊದಲನೇ ಗೇರು! ಗಾಡಿ ಮುಂದೆ ನುಗ್ಗಿತು. ಅಪ್ಪ ಇನ್ನೂ ಒತ್ತಿದರು, ಅದು ಇನ್ನೂ ನುಗ್ಗಿತು. ಅಮ್ಮನಿಗೆ ಗೋಡೆ ಬಿಟ್ಟರೆ ಸರಿಯಲು ಜಾಗವಿರಲಿಲ್ಲ.

ಹೊಸಬರು ಮಾಡುವ ತಪ್ಪಲ್ಲ ಇದು, ಲಾರಿಯಲ್ಲಿ ಪಳಗಿದ ಕಾಲು ಮಾಡುವ ತಪ್ಪು. ಹಾಗೆಂದು ಒಪ್ಪಿಕೊಂಡಿದ್ದರೆ ನಾನೇ ಸಮಾಧಾನ ಹೇಳುತ್ತಿದ್ದೆ. ಆದರೆ ಅಪ್ಪ ಇಳಿದವರೇ, “ಗೇರು ಪೆಟ್ಟಿಗೆ ಕೆಟ್ಟಿದೆ. ಇವಳು ರಿಪೇರಿ ಮಾಡಿಸಿಲ್ಲ,” ಎಂದುಬಿಟ್ಟರು. ಮೇಸ್ತ್ರಿ ಕೋಲೆಬಸವನ ಹಾಗೆ ತಲೆಯಾಡಿಸಿದ. ಛೀ! ಈಗ ಹೊಟ್ಟೆ ತುಂಬ ಉಂಡು, ತೇಗಿ, ಅಮ್ಮನ ಹಾಸಿಗೆಯ ಪಕ್ಕ ಕೂತು ನೋಡಲು ಬಂದವರಿಗೆಲ್ಲ ಅದೇ ಕಥೆ ಹೇಳುತ್ತಾರೆ. ಹೆತ್ತವಳ ಕಾಲು ಮುರಿದವಳೆಂದು ಜನ ಬೇರೆ ಸೂಲಗಿತ್ತಿಗೆ ಹೇಳಿಕಳಿಸುತ್ತಿದ್ದಾರೆ. ನಾಳೆ ಶುಕ್ರವಾರ ಗಾಡಿ ಒಯ್ಯಲು ಅಪ್ಪ ಗುಜರಿಯವನನ್ನೂ ಕರೆಸಿದ್ದಾರೆ. ಅದು ಹೋದರೆ ನನ್ನ ಕೆಲಸವೂ ಹೋಯಿತು, ಗೇರು ಸರಿಯಿತ್ತೆಂದು ತೋರಿಸಲು ಏನೂ ಉಳಿಯದೆ ಅಪ್ಪನ ಸುಳ್ಳೇ ನಿಜವಾಯಿತು.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ, ಚೆನ್ನಾಗಿ ಬೆಳೆಯಲಿ.

ಇಂತಿ,
ನಿನ್ನ ತಂಗಿ

ಬಿಟ್ಟುಹೋದ ಮಾತು: ನಿನ್ನೆ ಅಮ್ಮನನ್ನು ಕೇಳಿದೆ, “ನೀನು ಅಲ್ಲೇ ಇದ್ದೆ, ಅವರ ಕಾಲು ಎಲ್ಲಿತ್ತು ಅಂತ ನೋಡಿದೀಯ. ಒಂದು ಮಾತು ಹೇಳಮ್ಮಾ.” “ನೋಡ್ದೆ ಕಣೇ. ಈ ವಯಸ್ಸಲ್ಲಿ ಅವರ ಮರ್ಯಾದೆ ಕಳೀಲಾ? ನೀನು ಚಿಕ್ಕೋಳು, ತಡ್ಕೋತೀಯ,” ಎಂದಳು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದರು. ಅವರಿಗೆ ಅಮ್ಮನೇ, ನನ್ನೆದುರಿಗೇ, “ಇವಳ ಗಾಡಿ ಕೆಟ್ಟಿತ್ತು,” ಎಂದಳು. ಯಾರು ಯಾರದೋ ಬಾಣಂತಿಯರಿಗೆ ಎಲ್ಲ ಮಾಡುವ ನನಗೆ, ಅಕ್ಕ, ಇವತ್ತು ಅಮ್ಮನ ಮೈ ಒರೆಸಲು ಕೈ ಬರಲಿಲ್ಲ.