ಅಕ್ಕನ ಬಣ್ಣದ ಕುಪ್ಪಿ

ಫೆಬ್ರವರಿ 3

ಮಳವಳ್ಳಿಯ ಸಮಸ್ತ ಜನತೆಗೆ ಈ ಮೂಲಕ ಘೋಷಿಸುವುದೇನೆಂದರೆ — ಸಿದ್ದರಾಮು ಎಂಬ ನಾನು ಇಂದು ಯಾರ ನೆರವೂ ಇಲ್ಲದೆ ಒಂದು ಪೆನ್ಸಿಲ್ ಚೂಪು ಮಾಡಿದೆ. ಕೈ ನಡುಗಿ ಪೆನ್ಸಿಲ್ ಅರ್ಧವಾಯಿತು. ಆದರೂ ಚೂಪು ಚೂಪೇ.

ಮಧ್ಯಾಹ್ನ ಬೆಂಗಳೂರಿನ ಲ್ಯಾಬಿನಿಂದ ರಂಜಿತಳ ಫೋನು. ನನ್ನ ಹಳೆಯ ಕಾರ್ಟೂನ್ ಸಿನಿಮಾಕ್ಕೆ ಹೊಸದಾಗಿ ಬಣ್ಣ ತುಂಬುತ್ತಿದ್ದಾರೆ. ಅವಳು ಕಳಿಸಿದ ಸ್ಯಾಂಪಲ್ ನೋಡಿದೆ. ಕಬ್ಬಿನ ಸೋಗೆ ಹೊತ್ತು ಬರುವ ನನ್ನ ಹುಡುಗಿ, ಫೇರ್‌ನೆಸ್ ಕ್ರೀಮಿನ ಜಾಹೀರಾತಿಗೆ ಹೊರಟವಳಂತೆ ಬೆಳ್ಳಗೆ!

"ಇದು ಯಾರಮ್ಮ?"

"ಪ್ರಿಂಟ್ ಹಳೇದಾಗಿ ಪೂರ್ತಿ ಕೆಂಪಾಗೋಗಿದೆ ಸರ್. ಒರಿಜಿನಲ್ ಕಲರ್ ಗೊತ್ತಾಗ್ಲಿಲ್ಲ, ಡಿಫಾಲ್ಟ್ ಹಾಕಿದ್ವಿ. ರೆಫರೆನ್ಸ್ ಇದ್ರೆ ತಿಂಗಳ ಕೊನೆಯೊಳಗೆ ಕಳ್ಸಿ. ಆಮೇಲೆ ಬದಲಾಯ್ಸಕ್ಕಾಗಲ್ಲ."

ರೆಫರೆನ್ಸ್... ಬೊಂಬಾಯಿಯ ಸ್ಟುಡಿಯೋದಲ್ಲಿ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಹಾಳೆಗಳನ್ನು ತೊಳೆದು ಮತ್ತೆ ಬಳಸುತ್ತಿದ್ದೆವು. ತೊಳೆದವನೂ ನಾನೇ.

ಫೆಬ್ರವರಿ 5

ಆ ಹುಡುಗಿ ನನ್ನ ಅಕ್ಕ, ಮರಿತಾಯಮ್ಮ. ಮದುವೆಗೆ ಮುಂಚೆಯೇ ಜ್ವರದಲ್ಲಿ ಹೋದಳು. ಒಂದು ಫೋಟೋ ಇಲ್ಲ. ಅವಳು ಉಳಿದಿರುವುದು ಆ ಸಿನಿಮಾದಲ್ಲಷ್ಟೇ.

ಸ್ಟುಡಿಯೋದಲ್ಲಿ ಮೈಬಣ್ಣವೆಂದರೆ ಒಂದೇ ಡಬ್ಬಿ, ಗುಲಾಬಿ. ನಮ್ಮ ಕೇರಿಯಿಂದ ಆ ಕೆಲಸಕ್ಕೆ ಹೋದ ಮೊದಲಿಗನೆಂಬ ಬಿರುದಾಂಕಿತ ನಾನು ಡಬ್ಬಿ ಪಕ್ಕಕ್ಕಿಟ್ಟು, ಸ್ವಂತ ಮುಂಗೈ ನೋಡಿಕೊಂಡು ಬಣ್ಣ ಕಲಸಿದೆ. ಅಕ್ಕನದೂ ನನ್ನದೂ ಒಂದೇ ಬಣ್ಣ. "ಕತ್ತಲೆಯಲ್ಲಿ ತೆಗೆದ ಸಿನಿಮಾವೇ?" ಎಂದು ಮೇಲಿನವರು ನಕ್ಕರು. ಟೈಟಲ್ಲಿನಲ್ಲಿ ನನ್ನ ಹೆಸರನ್ನೇ ಬಿಟ್ಟರು.

ಈಗ ಮತ್ತೆ ಮುಂಗೈ ನೋಡೋಣವೆಂದರೆ — ತೊನ್ನು. ಬೆರಳಿನಿಂದ ಭುಜದವರೆಗೆ ಬಿಳುಪು. ವಿಧಿಯ ಡಿಫಾಲ್ಟೂ ಅದೇ.

ಫೆಬ್ರವರಿ 6, ಸಂಜೆ

ವಿಷಯ ತಿಳಿದು ಬೆಸಗರಹಳ್ಳಿಯಿಂದ ತಂಗಿ ಚಿಕ್ಕನಂಜಮ್ಮ ಬಂದಳು. ಏದುಸಿರು ಜೋರು, ಬಾಯಿ ಅದಕ್ಕಿಂತ ಜೋರು.

"ಅಕ್ಕನ್ ಬಣ್ಣವೇ ಅಲ್ವಾ ನಂದೂ? ತಕ, ಕೈ ನೋಡ್ಕಂಡು ಕಲ್ಸು."

ಕಲಸಿದೆ.

"ಇದು ಬೆಲ್ಲ ಕಣಣ್ಣ, ಅಕ್ಕ ಅಲ್ಲ. ಇನ್ನೊಂಚೂರು ಕಪ್ಪು ಬುಡು. ನಮ್ಮಪ್ಪನ ಗಂಟೇನ್ ಕರಗೋಯ್ತದಾ?"

ಬೆಳಕು ಹೋಯಿತು. "ಸ್ವಾಮ್ವಾರ ಬತ್ತೀನಿ. ಬಿಸ್ಲಲ್ಲಿ ನೋಡವ," ಎಂದು ಬಸ್ಸು ಹತ್ತಿದಳು.

ಫೆಬ್ರವರಿ 19

ತಂಗಿಗೆ ಏದುಸಿರು ಹೆಚ್ಚಿ ಮಂಡ್ಯದ ಆಸ್ಪತ್ರೆ. ಆಮೇಲೆ ಬೆಸಗರಹಳ್ಳಿ. ನಿನ್ನೆ ಮಣ್ಣಾಯಿತು.

ಅಂಗಳದಲ್ಲಿ ಮಲಗಿಸಿದ್ದರು. ಒಳ್ಳೆಯ ಬಿಸಿಲಿತ್ತು. ಅಂದು ಕಲಸಿದ ಬಣ್ಣ ಹಚ್ಚಿಟ್ಟಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ಅವಳ ಕೈ ಪಕ್ಕ ಹಿಡಿದೆ. ಹೆಂಗಸರ ಅಳು ನಿಂತಿತು.

"ಏನ್ ಬಾವ ಇದು? ಈಗ್ಲೂ ಬಣ್ಣವಾ?" ಅವಳ ಗಂಡ ಸಣ್ಣಯ್ಯ.

"ಬಿಸ್ಲಲ್ಲಿ ನೋಡವ ಅಂದಿದ್ಲು ಕಣಪ್ಪ..."

ಕೈ ಆಗಲೇ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಫೆಬ್ರವರಿ 24

ಇನ್ನೊಂಚೂರು ಕಪ್ಪು ಬಿಟ್ಟೆ. ಅವಳು ಹೇಳಿದಂತೆ. ಸರಿಯೋ ತಪ್ಪೋ ಹೇಳುವವರು ಇನ್ನು ಭೂಮಿಯ ಮೇಲಿಲ್ಲ. ತಜ್ಞರ ಸಮಿತಿ ವಿಸರ್ಜನೆಗೊಂಡಿದೆ.

ನಾಳೆ ಹಾಳೆಗೆ ಹಚ್ಚಿ ರಂಜಿತಳಿಗೆ ಕೊರಿಯರ್ ಮಾಡಬೇಕು. ಬಣ್ಣದ ಕುಪ್ಪಿ ಕಿಟಕಿಯಲ್ಲಿದೆ. ಮುಚ್ಚಳ ತಿರುಗಿಸಲು ಬೆರಳು ಒಪ್ಪುತ್ತಿಲ್ಲ. ಇದನ್ನು ಓದುವವರು ಯಾರೇ ಆಗಿರಲಿ — ದಯವಿಟ್ಟು ಸ್ವಲ್ಪ ಬಿಗಿಯಾಗಿ ಮುಚ್ಚಿಬಿಡಿ. ಒಣಗಿದರೆ ಮತ್ತೆ ಕಲಸಲು ಯಾರ ಕೈ ನೋಡಲಿ?